ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಎಂದರೇನು? ಸಾಫ್ಟ್‌ವೇರ್ ಬದಲಾವಣೆಗೂ ಏಕೆ ಬೇಕು ಲೆಕ್ಕ?

ಆಲುವ: 2024ರ ಜುಲೈ 19ರಂದು ಆಲುವ ಸಮೀಪದ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ, ತಿರುವನಂತಪುರ ಸೇರಿದಂತೆ ದೇಶದ ಹಲವೆಡೆ ವಿಮಾನ ಸೇವೆಯಲ್ಲಿ ವ್ಯತ್ಯಯವಾಗಿತ್ತು. ಕಾರಣ, ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಕಾನ್ಫಿಗರೇಶನ್ ಅಪ್‌ಡೇಟ್. ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಬಿಡುಗಡೆಯಾದ ಅದನ್ನು 78 ನಿಮಿಷಗಳಲ್ಲೇ ಹಿಂಪಡೆಯಲಾಯಿತು. ಆದರೂ ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ತೊಂದರೆಗೆ ಸಿಲುಕಿದವು.

ಏನಿದು?: ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏಕೆ ಬದಲಾವಣೆ ಮಾಡಿದರು ಎಂಬುದನ್ನು ದಾಖಲಿಸಿ, ತಪ್ಪಾದರೆ ಹಿಂದಿನ ಆವೃತ್ತಿಗೆ ಮರಳಲು ನೆರವಾಗುವ ವ್ಯವಸ್ಥೆಯೇ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್.

ಬೆಳೆದು ಬಂದ ದಾರಿ: 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ಸಾಧನ ರೂಪಿಸಿದರು. ನಂತರ ಆರ್‌ಸಿಎಸ್, ಸಿವಿಎಸ್, ಸಬ್‌ವರ್ಷನ್ ಬಂದವು. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಅಭಿವೃದ್ಧಿಪಡಿಸಿದ ಗಿಟ್‌ನಿಂದ, ಬದಲಾವಣೆಗಳ ಪೂರ್ಣ ಇತಿಹಾಸ ಪ್ರತಿಯೊಬ್ಬ ಪ್ರೋಗ್ರಾಮರ್‌ನ ಕಂಪ್ಯೂಟರ್‌ನಲ್ಲೂ ಇರುವಂತಾಯಿತು. 1990ರಲ್ಲಿ ಆರಂಭವಾದ ತಿರುವನಂತಪುರದ ಟೆಕ್ನೋಪಾರ್ಕ್ ಹಾಗೂ ಕೊಚ್ಚಿಯ ಇನ್ಫೋಪಾರ್ಕ್‌ನ ಸಾಫ್ಟ್‌ವೇರ್ ಉದ್ಯೋಗಿಗಳಿಗೂ ಇಂಥ ಸಾಧನಗಳು ನಿತ್ಯದ ಬಳಕೆಯವು.

ಮುಂದಿನ ಸವಾಲು: ಅಪ್‌ಡೇಟ್ ಹಿಂಪಡೆದರಷ್ಟೇ ಸಾಲದು. ಆನ್ ಆಗದೆ ನಿಂತ ಕಂಪ್ಯೂಟರ್‌ಗೆ ತಿದ್ದುಪಡಿ ತಲುಪುವುದಿಲ್ಲ. ಅಂದು ಅಂಥ ಹಲವು ಕಂಪ್ಯೂಟರ್‌ಗಳನ್ನು ಸಿಬ್ಬಂದಿಯೇ ಒಂದೊಂದಾಗಿ ಸರಿಪಡಿಸಬೇಕಾಯಿತು. ಹೀಗಾಗಿ ಪುಟ್ಟ ಕಾನ್ಫಿಗರೇಶನ್ ಫೈಲನ್ನೂ ಕೋಡ್‌ನಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿ, ಮೊದಲು ಕೆಲವೇ ಕಂಪ್ಯೂಟರ್‌ಗಳಿಗೆ, ಬಳಿಕ ಹಂತ ಹಂತವಾಗಿ ಉಳಿದವಕ್ಕೆ ಕಳುಹಿಸುವುದು ಅಗತ್ಯ.