ಗೇಣಿಯ ಪ್ರಶ್ನೆ ಮತ್ತು ಪಕ್ಷದ ಗತಿ: ದಕ್ಷಿಣ ಕನ್ನಡದ ರಾಜಕೀಯ ಇತಿಹಾಸದಲ್ಲಿ ಒಂದು ವಿಚಾರ

ಪೂರ್ವ ಯೂರೋಪಿನಲ್ಲಿ 1989ರಿಂದ 1991ರವರೆಗಿನ ಅವಧಿಯಲ್ಲಿ ಕಮ್ಯುನಿಸ್ಟ್ ಸರಕಾರಗಳು ಒಂದರ ಹಿಂದೊಂದು ಕುಸಿದುಬಿದ್ದವು. ಆ ದೇಶಗಳ ಇತಿಹಾಸವನ್ನು ಬರೆಯುವವರಿಗೆ ಆಗ ಒಂದು ಪ್ರಶ್ನೆ ಎದುರಾಯಿತು: ಪಕ್ಷವು ತೊಲಗಿದ ಬಳಿಕ ಅದು ಸಮಾಜದಲ್ಲಿ ತಂದ ಮಾರ್ಪಾಡುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ? ಈ ಪ್ರಶ್ನೆಯನ್ನು ಮಗುಚಿ ಕೇಳಬೇಕಾದ ಸಂದರ್ಭವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ದಕ್ಷಿಣ ಕನ್ನಡದಲ್ಲಿ ಕಮ್ಯುನಿಸ್ಟ್ ಪಕ್ಷ ಎಂದೂ ಆಳಿದುದಿಲ್ಲ. ಆದರೆ ಅದು ದೀರ್ಘಕಾಲ ಮುಂದಿಟ್ಟ 'ಉಳುವವನಿಗೆ ಭೂಮಿ' ಎಂಬ ಬೇಡಿಕೆ ಬೇರೊಂದು ಪಕ್ಷದ ಕೈಯಿಂದ ಈಡೇರಿತು. ಈಡೇರಿದ ಹತ್ತು ಹದಿನೈದು ವರ್ಷಗಳಲ್ಲಿ ಪಕ್ಷದ ಬಲ ಕುಂದಿತು. ಇದನ್ನು ಸೋಲೆನ್ನಬೇಕೆ, ಗೆಲುವೆನ್ನಬೇಕೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1799ರಲ್ಲಿ ಟಿಪ್ಪುವಿನ ಪತನದೊಡನೆ ಕೆನರಾ ಪ್ರಾಂತವು ಕಂಪನಿ ಸರಕಾರದ ವಶವಾಯಿತು. ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ ಕಂದಾಯವನ್ನು ಗೊತ್ತುಪಡಿಸಿದಾಗ ಸರಕಾರದ ಕಣ್ಣಿಗೆ ಬಿದ್ದವನು ಹೊಲದಲ್ಲಿ ದುಡಿಯುವವನಲ್ಲ, ಕಂದಾಯ ಕಟ್ಟುವ ವರ್ಗದಾರ. ವರ್ಗದಾರನ ಕೆಳಗೆ ಶಾಶ್ವತ ಹಕ್ಕುಳ್ಳ ಮೂಲಗೇಣಿದಾರ, ಗೊತ್ತಾದ ಅವಧಿಯ ವಾಯಿದೆಗೇಣಿದಾರ, ಒಡೆಯನ ಇಷ್ಟವಿರುವ ತನಕ ಮಾತ್ರ ನಿಲ್ಲಬಲ್ಲ ಚಾಲಗೇಣಿದಾರ ಎಂಬ ಶ್ರೇಣಿಯಿದ್ದಿತು. ಗೇಣಿಯನ್ನು ಬಹುಮಟ್ಟಿಗೆ ಅಕ್ಕಿಯ ಮುಡಿಗಳಲ್ಲಿ ಅಳೆಯುತ್ತಿದ್ದರು. ಒಡೆಯರಲ್ಲಿ ಬ್ರಾಹ್ಮಣರು, ಜೈನರು, ಬಂಟರು, ದೇವಸ್ಥಾನ ಮಠಗಳು ಮುಖ್ಯ. ಗೇಣಿದಾರರಲ್ಲಿ ಬಿಲ್ಲವರು, ಗೌಡರು, ಕ್ರೈಸ್ತರು, ಮುಸಲ್ಮಾನರು, ಬಡ ಬಂಟರು ಎಲ್ಲರೂ ಇದ್ದರು. ಕಾನೂನಿನ ದೃಷ್ಟಿಯಲ್ಲಿ ಚಾಲಗೇಣಿದಾರನು ಇದ್ದೂ ಇಲ್ಲದವನು.

ಇಂಥವನು ರಾಜಕೀಯದಲ್ಲಿ ತಲೆಯೆತ್ತುವ ಮೊದಲು ಸಮಾಜದಲ್ಲಿ ತಲೆಯೆತ್ತಬೇಕಾಗಿದ್ದಿತು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದುದನ್ನು ಈ ದೃಷ್ಟಿಯಿಂದ ನೋಡಬೇಕು. ಅನ್ಯರ ದೇವಸ್ಥಾನಗಳಲ್ಲಿ ಪ್ರವೇಶವಿಲ್ಲದಿದ್ದ ಬಿಲ್ಲವರು ಸಾಹುಕಾರ ಕೊರಗಪ್ಪನವರ ನೇತೃತ್ವದಲ್ಲಿ ತಮ್ಮದೇ ಆದ ದೇವಸ್ಥಾನವನ್ನು ಕಟ್ಟಿಕೊಂಡರು. ಅಲ್ಲಿ ಗೇಣಿಯ ಮಾತು ಬರಲಿಲ್ಲ, ನಿಜ. ಆದರೆ ಒಡೆಯನ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲುತ್ತಿದ್ದ ಜನಕ್ಕೆ ತಾವೊಂದು ಸಮುದಾಯವೆಂಬ ಅರಿವು ಮೂಡಿತು. ಮುಂದೆ ಅರ್ಜಿ ಹಿಡಿದು ಸರಕಾರದ ಮುಂದೆ ನಿಲ್ಲುವ ಧೈರ್ಯಕ್ಕೆ ಅದು ಪೂರ್ವಪೀಠಿಕೆಯಾಯಿತೆಂದರೆ ಅತಿಶಯೋಕ್ತಿಯಾಗದು.

ರೈತ ಹೋರಾಟದ ಉಗ್ರರೂಪ ಕಂಡುದು ಜಿಲ್ಲೆಯ ತೆಂಕಣ ಅಂಚಿನಲ್ಲಿ. ಕಯ್ಯೂರು ಆಗ ಇದೇ ಜಿಲ್ಲೆಗೆ ಸೇರಿದ್ದ ಗ್ರಾಮ. 1941ರ ಮಾರ್ಚ್ 28ರಂದು ಅಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಗೆ ಹಾರಿ ಮೃತನಾದನು. ಆ ಮೊಕದ್ದಮೆಯಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ 'ಚಿರಸ್ಮರಣೆ' ಕಾದಂಬರಿಯ ಮೂಲಕ ಕನ್ನಡ ವಾಚಕರಿಗೆ ಈ ಪ್ರಸಂಗ ಪರಿಚಿತವಾಗಿದೆ. ಇತ್ತ ಮಂಗಳೂರಿನಲ್ಲಿ ಪಕ್ಷವು ಹೆಂಚಿನ ಕಾರ್ಖಾನೆಗಳ ಮತ್ತು ಬೀಡಿ ಕಟ್ಟುವ ಕಾರ್ಮಿಕರ ನಡುವೆ ಬೇರೂರಿತು.

1956ರ ನವೆಂಬರ್ 1ರಂದು ಜಿಲ್ಲೆ ಇಬ್ಭಾಗವಾಯಿತು. ಕಾಸರಗೋಡು ಕೇರಳಕ್ಕೂ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಸೇರಿದವು. ಈ ವಿಭಜನೆಯನ್ನು ನಾವು ಸಾಮಾನ್ಯವಾಗಿ ಭಾಷೆಯ ಪ್ರಶ್ನೆಯಾಗಿ ಮಾತ್ರ ಚರ್ಚಿಸುತ್ತೇವೆ. ಇತಿಹಾಸದ ವಿದ್ಯಾರ್ಥಿಗೆ ಅದು ಮತ್ತೊಂದು ಕಾರಣದಿಂದಲೂ ಮಹತ್ತ್ವದ್ದು: ಒಂದೇ ಬಗೆಯ ಗೇಣಿಪದ್ಧತಿಯಿದ್ದ ನಾಡು ಎರಡು ಸರಕಾರಗಳ ಕೆಳಗೆ ಎರಡು ದಾರಿ ಹಿಡಿಯಿತು.

ತೆಂಕಣ ದಾರಿಯಲ್ಲಿ ಪಕ್ಷವೇ ಸರಕಾರವಾಯಿತು. 1957ರ ಏಪ್ರಿಲ್‌ನಲ್ಲಿ ಅಧಿಕಾರ ವಹಿಸಿದ ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಒಂದು ವಾರದೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಆಜ್ಞೆ ಹೊರಡಿಸಿತು. 1959ರಲ್ಲಿ ಮಂತ್ರಿಮಂಡಲ ವಜಾ ಆದರೂ 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ರದ್ದಾಯಿತು. ಕನ್ನಡ, ತುಳು ಮಾತನಾಡುವ ಮಂಜೇಶ್ವರದಲ್ಲಿ ಭಾಷೆಯ ಪ್ರಶ್ನೆ ಮೊದಲು ಪ್ರಬಲವಾಗಿದ್ದರೂ ಮುಂದೆ ಪಕ್ಷಕ್ಕೆ ಅಲ್ಲಿಯೂ ನೆಲೆ ದೊರೆಯಿತು. ಅಲ್ಲಿಂದ ಆರಿಸಿಬಂದ ಡಾ. ಎ. ಸುಬ್ಬರಾವ್ 1980ರಲ್ಲಿ ಕೇರಳದ ನೀರಾವರಿ ಮಂತ್ರಿಗಳಾದರು.

ಬಡಗಣ ದಾರಿ ನಿಧಾನದ್ದು. 1961ರ ಮೈಸೂರು ಭೂಸುಧಾರಣಾ ಶಾಸನ ಜಾರಿಗೆ ಬಂದುದು 1965ರಲ್ಲಿ; ಸ್ವಂತ ಬೇಸಾಯದ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯುವ ಅವಕಾಶ ಅದರಲ್ಲಿ ಒಡೆಯರಿಗಿದ್ದಿತು. ದೇವರಾಜ ಅರಸರ ಸರಕಾರದ ತಿದ್ದುಪಡಿಯೇ ನಿಜವಾದ ತಿರುವು. ಅದರಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಅಂದು ಬೇಸಾಯ ಮಾಡುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಒಡೆತನ ಪಡೆಯಬಹುದಾಯಿತು. ಅರ್ಜಿಗಳ ಇತ್ಯರ್ಥಕ್ಕೆ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯಲ್ಲಿ ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಅಲ್ಲಿ ಕುಳಿತರು. ಮೊದಲಿಗೆ ವಕೀಲರಿಗೆ ಅಲ್ಲಿ ಅವಕಾಶವಿರಲಿಲ್ಲ. ಬಾಯ್ಮಾತಿನ ಗೇಣಿಗೆ ಕಾಗದದ ಆಧಾರ ಎಲ್ಲಿಂದ ಬರಬೇಕು? ನೆರೆಹೊರೆಯವರ ಸಾಕ್ಷ್ಯಕ್ಕೆ ಬೆಲೆ ಬಂದುದು ಇಂಥಲ್ಲಿ. ಅರ್ಜಿಗೆ ಕೊನೆಯ ದಿನವನ್ನು 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು.

ಇದರ ರಾಜಕೀಯ ಫಲವೇನು? ಬೇವಿಂಜೆಯ ಭೂಮಾಲಿಕ ಮನೆತನದಲ್ಲಿ ಹುಟ್ಟಿ ಕಮ್ಯುನಿಸ್ಟರಾದ ಬಿ. ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳ ಕ್ಷೇತ್ರದಿಂದಲೂ 1978ರಲ್ಲಿ ವಿಟ್ಲ ಕ್ಷೇತ್ರದಿಂದಲೂ ವಿಧಾನಸಭೆಗೆ ಆರಿಸಿಬಂದರು. 1983ರಲ್ಲಿ ಉಳ್ಳಾಲವನ್ನು ಮಾರ್ಕ್ಸ್‌ವಾದಿ ಪಕ್ಷ ಗೆದ್ದಿತು. ಆದರೆ ವಿಟ್ಲ ಅದೇ ವರ್ಷ ಪಕ್ಷದ ಕೈತಪ್ಪಿತು, ಮತ್ತೆ ಮರಳಲಿಲ್ಲ. ಹೊಸ ಒಡೆತನ ಪಡೆದವರ ಕೃತಜ್ಞತೆ ಬಹುಪಾಲು ಕಾಂಗ್ರೆಸ್ಸಿಗೆ ಸಂದಿತು. 1977ರಲ್ಲಿ ಉತ್ತರ ಭಾರತದಲ್ಲಿ ನೆಲಕಚ್ಚಿದ ಆ ಪಕ್ಷ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಗೆದ್ದುದನ್ನು ಇಲ್ಲಿ ನೆನೆಯಬೇಕು. ಆ ವರ್ಷ ಮಂಗಳೂರಿನಿಂದ ಗೆದ್ದ ಬಿ. ಜನಾರ್ದನ ಪೂಜಾರಿಯವರು ಮುಂದೆ ಕುದ್ರೋಳಿ ದೇವಸ್ಥಾನದ ನವೀಕರಣಕ್ಕೂ ಮುಂದಾಳಾದರು. ಆ ಕೃತಜ್ಞತೆಯೂ ಚಿರವಾಗಿರಲಿಲ್ಲ: 1991ರಲ್ಲಿ ಅದೇ ಕ್ಷೇತ್ರವನ್ನು ಭಾರತೀಯ ಜನತಾ ಪಕ್ಷ ಗೆದ್ದಿತು. ಈ ಬದಲಾವಣೆಗಳಿಗೆಲ್ಲ ಭೂಸುಧಾರಣೆಯೊಂದೇ ಕಾರಣವೆನ್ನುವುದು ಸಲ್ಲದು. ಆದರೆ ಗೇಣಿದಾರನಾಗಿ ಒಗ್ಗೂಡಿದ್ದವನು ಒಡೆಯನಾದ ಮೇಲೆ ಆ ಒಗ್ಗಟ್ಟಿಗೆ ಆಧಾರ ಉಳಿಯಲಿಲ್ಲವೆಂಬುದು ಸ್ಪಷ್ಟ.

ಇಲ್ಲಿ ಎಸ್ತೋನಿಯಾದ ಹೋಲಿಕೆ ಉಪಯುಕ್ತ. ಆ ಸಣ್ಣ ದೇಶ 1919ರಲ್ಲಿ ಜರ್ಮನ್ ಮೂಲದ ಜಮೀನುದಾರರ ಭೂಮಿಯನ್ನು ಶಾಸನದ ಮೂಲಕ ರೈತರಿಗೆ ಹಂಚಿತು. 1940ರಲ್ಲಿ ಸೋವಿಯತ್ ಆಡಳಿತ ಭೂಮಿಯನ್ನು ರಾಷ್ಟ್ರೀಕರಣಗೊಳಿಸಿತು. 1949ರ ಮಾರ್ಚ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರನ್ನು ಗಡೀಪಾರು ಮಾಡಿ ಉಳಿದವರನ್ನು ಸಾಮೂಹಿಕ ಬೇಸಾಯಕ್ಕೆ ಒಳಪಡಿಸಿತು. 1991ರಲ್ಲಿ ಸ್ವಾತಂತ್ರ್ಯ ಮರಳಿದಾಗ ಹೊಸ ಶಾಸನ 1940ರ ಒಡೆಯರಿಗೂ ಅವರ ವಾರಸುದಾರರಿಗೂ ಭೂಮಿಯನ್ನು ಹಿಂದಿರುಗಿಸಲು ಹೊರಟಿತು. ರೈತನ ಕೈಗೆ ಒಡೆತನ ಕೊಟ್ಟ 1919ರ ಕಾರ್ಯ ಎಪ್ಪತ್ತು ವರ್ಷಗಳ ಮೇಲೂ ನೆನಪಿನಲ್ಲಿ, ದಾಖಲೆಯಲ್ಲಿ ಬದುಕಿದ್ದಿತು. ರೈತನ ಕೈಯಿಂದ ಕಿತ್ತುಕೊಂಡ 1949ರ ಕಾರ್ಯ ಸರಕಾರದೊಡನೆ ಬಿದ್ದಿತು.

ಇದರಿಂದ ನಮ್ಮ ಪ್ರಶ್ನೆಗೆ ಉತ್ತರ ಸೂಚಿತವಾಗುತ್ತದೆ. ಸುಧಾರಣೆಯ ಬಾಳ್ವೆಯನ್ನು ನಿರ್ಣಯಿಸುವುದು ಅದನ್ನು ತಂದ ಪಕ್ಷದ ಆಯುಸ್ಸಲ್ಲ, ಅದು ಜನರ ಕೈಯಲ್ಲಿ ಬಿಟ್ಟುಹೋದ ಹಕ್ಕು. ದಕ್ಷಿಣ ಕನ್ನಡದಲ್ಲಿ ಅನಂತರ ಯಾವ ಪಕ್ಷ ಗೆದ್ದರೂ ಗೇಣಿ ಮರಳಿ ಬರಲಿಲ್ಲ. ಆದರೂ ಈ ಗೆಲುವಿಗೊಂದು ಎಲ್ಲೆಯಿದೆ. ಎಸ್ತೋನಿಯಾಕ್ಕೆ 1940 ಹೇಗೋ ನಮಗೆ 1974ರ ಮಾರ್ಚ್ 1 ಹಾಗೆ: ಶಾಸನ ಒಂದು ದಿನವನ್ನು ಆರಿಸಿಕೊಂಡಿತು. ಅಂದು ಗೇಣಿದಾರನಾಗಿದ್ದವನು ಒಡೆಯನಾದನು. ಅದಕ್ಕೆ ಮೊದಲೇ ಒಕ್ಕಲೆದ್ದವನು ಹೊರಗುಳಿದನು. ಅದೇ ಗದ್ದೆಯಲ್ಲಿ ದುಡಿಯುತ್ತಿದ್ದ ಕೂಲಿಯಾಳಿಗೆ ತಾನಿದ್ದ ಮನೆಯ ನಿವೇಶನಕ್ಕಿಂತ ಹೆಚ್ಚಿನದನ್ನು ಶಾಸನ ಕೊಡಲಿಲ್ಲ. ಉಳುವವನಿಗೆ ಭೂಮಿ ಎಂಬ ಮಾತು ನಮ್ಮಲ್ಲಿ ಗೇಣಿ ಕೊಡುವವನಿಗೆ ಭೂಮಿ ಎಂಬ ಅರ್ಥದಲ್ಲಿ ನಿಂತಿತು. ನ್ಯಾಯಮಂಡಳಿಗಳ ಕಡತಗಳು ತಾಲೂಕು ಕಚೇರಿಗಳಲ್ಲಿ ಹಾಳಾಗುವ ಮುನ್ನ ನಮ್ಮ ವಿದ್ಯಾರ್ಥಿಗಳು ಅವುಗಳನ್ನು ತೆರೆದು ಓದಬೇಕು. ಒಪ್ಪಿದ ಅರ್ಜಿಗಳಷ್ಟೇ ಗಮನವಿಟ್ಟು ತಿರಸ್ಕೃತವಾದವುಗಳನ್ನೂ ನೋಡಿದಲ್ಲಿ ಜಿಲ್ಲೆಯ ಇತಿಹಾಸ ಪೂರ್ಣವಾಗುವುದು.