ಕಿಡ್ನಿ ಕಸಿಯಾದ ಮೇಲೆ: ದಣಿಯುವ ಟಿ ಕೋಶ, ಏಳುವ ವೈರಸ್

ಹುಲಿಯೂರುದುರ್ಗದಿಂದ ಬೆಂಗಳೂರಿಗೆ

ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆಯವರು ಕಿಡ್ನಿ ಕಸಿಗೆ ಸಾಮಾನ್ಯವಾಗಿ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ನೆಫ್ರೊ-ಯುರಾಲಜಿ ಸಂಸ್ಥೆ, ಇಲ್ಲವೇ ಯಾವುದಾದರೂ ಖಾಸಗಿ ಆಸ್ಪತ್ರೆ. ಮೃತ ದಾನಿಯ ಅಂಗ ಬೇಕಿದ್ದರೆ ಆಸ್ಪತ್ರೆಯ ಮೂಲಕ ರಾಜ್ಯದ ಅಂಗ ಹಂಚಿಕೆ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಸೇರಿಸಿ ಸರದಿ ಕಾಯಬೇಕು. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಮಾತು. ನಂತರದ ವರ್ಷಗಳಲ್ಲಿ ವೈದ್ಯರನ್ನು ಕಾಡುವುದು ಎರಡು ಪ್ರಶ್ನೆ: ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯೇ? ಒಳಗೆ ಅಡಗಿದ್ದ ವೈರಸ್ ಎದ್ದಿದೆಯೇ?

ಅಡಗಿ ಕುಳಿತವು

ಸೈಟೊಮೆಗಾಲೊವೈರಸ್ ಭಾರತದ ಬಹುಪಾಲು ವಯಸ್ಕರ ಮೈಯಲ್ಲಿ ಚಿಕ್ಕಂದಿನಿಂದಲೇ ಇರುತ್ತದೆ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಅದನ್ನು ಅದುಮಿಟ್ಟಿರುತ್ತವೆ. ಕಸಿಯ ನಂತರ ತಿರಸ್ಕಾರ ತಡೆಯಲು ಕೊಡುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ಗುಳಿಗೆಗಳು ಆ ಕೋಶಗಳ ಕೈಕಟ್ಟುತ್ತವೆ, ಆಗ ವೈರಸ್ ಏಳಬಹುದು. ಇದಕ್ಕೆ ವಾಲ್‌ಗ್ಯಾನ್‌ಸಿಕ್ಲೋವಿರ್ ಎಂಬ ಔಷಧವಾದರೂ ಇದೆ.

ಬಿಕೆ ವೈರಸ್ಸಿನ ಸಂಗತಿ ಬೇರೆ. 1971ರಲ್ಲಿ ಲಂಡನ್ನಿನ ಸಂಶೋಧಕರು ಕಿಡ್ನಿ ಕಸಿಯಾಗಿದ್ದ ರೋಗಿಯೊಬ್ಬರ ಮೂತ್ರದಲ್ಲಿ ಕಂಡ ಈ ವೈರಸ್ಸಿಗೆ ಆ ರೋಗಿಯ ಹೆಸರಿನ ಮೊದಲಕ್ಷರಗಳನ್ನೇ ಇಟ್ಟರು. ಜ್ವರವಿಲ್ಲ, ನೋವಿಲ್ಲ, ಕಿಡ್ನಿಯ ಕೆಲಸ ಕುಂದಿದ್ದನ್ನು ತೋರುವ ಕ್ರಿಯಾಟಿನಿನ್ ಏರುವ ಹೊತ್ತಿಗೆ ಹೊಸ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. ಇದಕ್ಕೆ ಖಚಿತವಾಗಿ ಕೆಲಸ ಮಾಡುವ ಔಷಧ ಇನ್ನೂ ಇಲ್ಲ. ಹಾಗಾಗಿ ಮೊದಲ 9 ತಿಂಗಳು ತಿಂಗಳಿಗೊಮ್ಮೆ ರಕ್ತದಲ್ಲಿ ಅದನ್ನು ಹುಡುಕಬೇಕೆಂಬುದು ತಜ್ಞರ ಸಲಹೆ. ಸಿಕ್ಕರೆ ಕಸಿಯ ಗುಳಿಗೆಗಳನ್ನು ತಗ್ಗಿಸುತ್ತಾರೆ.

ಕೋಶದ ದಣಿವು

ವೈರಸ್ ವಾರಗಟ್ಟಲೆ ತೊಲಗದಿದ್ದರೆ ಟಿ ಕೋಶಗಳು ದಣಿಯುತ್ತವೆ. ಮೊದಲು ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ಪ್ರೋಟೀನು ತಯಾರಿಸುವುದು ನಿಲ್ಲುತ್ತದೆ, ಕೊನೆಕೊನೆಗೆ ವೈರಸ್ ತಡೆಯುವ ಇಂಟರ್‌ಫೆರಾನ್ ಕೂಡ. ಕೋಶದ ಮೈಮೇಲೆ ಪಿಡಿ-1 ಎಂಬ ಕಡಿವಾಣದ ಪ್ರೋಟೀನು ಹೆಚ್ಚುತ್ತದೆ. ಅದನ್ನು ತಡೆದರೆ ದಣಿದ ಕೋಶ ಮತ್ತೆ ಚುರುಕಾಗುತ್ತದೆಂದು 2006ರಲ್ಲಿ ಇಲಿಗಳಲ್ಲಿ ಕಂಡುಬಂತು. ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಹಂಚಿಕೊಂಡರು.

ಗುಳಿಗೆ ಅದುಮಿದ ಕೋಶ ಬೇರೆ, ದಣಿದ ಕೋಶ ಬೇರೆ. ಮೊದಲನೆಯದು ಗುಳಿಗೆ ತಗ್ಗಿಸಿದರೆ ಚೇತರಿಸಿಕೊಳ್ಳುತ್ತದೆ. ಎರಡನೆಯದರಲ್ಲಿ ವಂಶವಾಹಿಗಳ ಸುತ್ತಲಿನ ಗುರುತುಗಳೇ ಬದಲಾಗಿರುವುದರಿಂದ ವೈರಸ್ ಹೋದರೂ ಪೂರ್ತಿ ಕಸುವು ಮರಳುವುದಿಲ್ಲ.

ದಣಿವಿನಿಂದಲೂ ಉಪಕಾರ

ಕಸಿ ಕಿಡ್ನಿಯೂ ದೇಹಕ್ಕೆ ಪರಕೀಯವೇ, ಅದೂ ತೊಲಗುವುದಿಲ್ಲ. ಅದರ ಮೇಲೆರಗುವ ಟಿ ಕೋಶಗಳೂ ಕಾಲಕ್ರಮೇಣ ದಣಿಯಬಹುದು, ಕಿಡ್ನಿ ಉಳಿಯುವುದರಲ್ಲಿ ಅದರದೂ ಪಾಲಿರಬಹುದು. ಕ್ಯಾನ್ಸರಿಗೆಂದು ಪಿಡಿ-1 ತಡೆಯುವ ಔಷಧ ಪಡೆದ ಕಸಿ ರೋಗಿಗಳಲ್ಲಿ ಹಲವರ ದೇಹ ಅಂಗವನ್ನು ತಿರಸ್ಕರಿಸಿದೆ. ‘ಇಮ್ಯೂನಿಟಿ ಹೆಚ್ಚಿಸುವ’ ಕಷಾಯ, ಅಮೃತಬಳ್ಳಿ ರಸ ಕಸಿಯಾದವರಿಗೆ ಬೇಡವೆನ್ನಲು ಇಷ್ಟು ಸಾಕು. ಊರಿನ ಹಿರಿಯರು ಪ್ರೀತಿಯಿಂದಲೇ ಕೊಡುತ್ತಾರೆ, ನಿಜ.

ಲೆವೆಲ್ ನೋಡುವುದು

ರಕ್ತದಲ್ಲಿ ಟ್ಯಾಕ್ರೋಲಿಮಸ್ ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ವೈರಸ್. ಆ ಪ್ರಮಾಣ ಅಳೆಯುವ ‘ಲೆವೆಲ್’ ಪರೀಕ್ಷೆಗೆ ಬೆಳಗಿನ ಗುಳಿಗೆ ನುಂಗುವ ಮೊದಲೇ ರಕ್ತ ಕೊಡಬೇಕು. ಹುಲಿಯೂರುದುರ್ಗದಿಂದ ಬೆಳಗಿನ ಬಸ್ಸು ಹತ್ತಿದವರು ಗುಳಿಗೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಬೇಕು. ದೇವನಹಳ್ಳಿಯ ಹೆಸರುವಾಸಿ ಚಕ್ಕೋತವನ್ನಂತೂ ಮುಟ್ಟುವಂತಿಲ್ಲ: ಟ್ಯಾಕ್ರೋಲಿಮಸನ್ನು ಒಡೆಯುವ ಕರುಳಿನ ಕಿಣ್ವಕ್ಕೆ ಅದು ಅಡ್ಡಬಂದು, ಅದೇ ಗುಳಿಗೆಯಲ್ಲೇ ಲೆವೆಲ್ ಏರಿಸಿಬಿಡುತ್ತದೆ.