ಹಗೇವು ತುಂಬಿದ ಮೇಲೆ: ಬರದ ಸೀಮೆಯಲ್ಲಿ ಬೊಜ್ಜಿನ ಚರಿತ್ರೆ

ರಾಜ್ಯಗಳಿಗೆ ಚರಿತ್ರೆ ಇರುವಂತೆ ರೋಗಗಳಿಗೂ ಒಂದು ಚರಿತ್ರೆಯುಂಟು. ಬಾದಾಮಿ ಎಂದೊಡನೆ ನಮಗೆ ಚಾಲುಕ್ಯರ ಗುಹಾಲಯಗಳು ನೆನಪಾಗುತ್ತವೆ. ಇಳಕಲ್ ಎಂದೊಡನೆ ಸೀರೆ. ಈ ಸೀಮೆಯ ಹಳ್ಳಿಗಳಲ್ಲಿ ಅವುಗಳಷ್ಟೇ ಮುಖ್ಯವಾದ ಇನ್ನೊಂದು ವಸ್ತುವಿತ್ತು. ಅದೇ ಹಗೇವು. ಸುಗ್ಗಿಯ ಜೋಳವನ್ನು ನೆಲದೊಳಗಿನ ಈ ಕಣಜದಲ್ಲಿ ತುಂಬಿ, ಬಾಯಿ ಮುಚ್ಚಿ, ಮಳೆ ಕೈಕೊಟ್ಟ ವರ್ಷ ತೆಗೆದು ಉಣ್ಣುತ್ತಿದ್ದರು.

ನಮ್ಮ ದೇಹದಲ್ಲಿಯೂ ಇಂಥದೊಂದು ಹಗೇವು ಇದೆ. ಅದು ಯಕೃತ್ತು, ಅಂದರೆ ಪಿತ್ತಜನಕಾಂಗ. ಉಂಡ ಆಹಾರದ ಸಕ್ಕರೆಯಲ್ಲಿ ಸುಮಾರು 100 ಗ್ರಾಂನಷ್ಟನ್ನು ಅದು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಹೊಟ್ಟೆ ಬರಿದಾದಾಗ ರಕ್ತಕ್ಕೆ ಬಿಡುತ್ತದೆ. ‘ತುಂಬು, ತೆಗೆಯಬೇಡ’ ಎಂದು ಅಪ್ಪಣೆ ಕೊಡುವುದು ಇನ್ಸುಲಿನ್.

ಈ ಸೀಮೆಗೆ ಬರ ಹೊಸದಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತವರು ಅನೇಕರು. ಊರು ಬಿಟ್ಟವರೂ ಅನೇಕರು. ಬದುಕಿ ಉಳಿದವರ ಸಂತತಿಯವರು ಇಂದು ಇಲ್ಲಿನ ಶಾಲೆ ಕಾಲೇಜುಗಳಲ್ಲಿ ಕುಳಿತಿದ್ದಾರೆ. ಇಂಥ ಹಸಿವಿನ ಸೀಮೆಗೂ ಬೊಜ್ಜಿನ ರೋಗ ಕಾಲಿಟ್ಟದ್ದು ಹೇಗೆ?

ಮೊದಲು ರೋಗದ ಗುಟ್ಟನ್ನು ವೈದ್ಯರು ಕಂಡುಕೊಂಡ ಬಗೆ ನೋಡೋಣ. ಪ್ರಮೇಹದಲ್ಲಿ ಕೃಶರಿಗೆ ಬರುವುದೊಂದು, ಸ್ಥೂಲರಿಗೆ ಬರುವುದೊಂದು ಎಂದು ಸುಶ್ರುತ ಸಂಹಿತೆ ಹಿಂದೆಯೇ ಎರಡು ಬಗೆ ಗುರುತಿಸಿತ್ತು. 1936ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತ್, ಕೆಲವು ಮಧುಮೇಹಿಗಳ ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ ಎಂದು ತೋರಿಸಿದರು. 1960ರಲ್ಲಿ ಅಮೆರಿಕದ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದ ಇನ್ಸುಲಿನ್ ಅಳೆಯುವ ವಿಧಾನ ರೂಪಿಸಿದಾಗ, ಇಂಥ ಅನೇಕರಲ್ಲಿ ಇನ್ಸುಲಿನ್ನಿಗೆ ಕೊರತೆಯೇ ಇಲ್ಲವೆಂದು ತಿಳಿಯಿತು. ಅಪ್ಪಣೆ ಹೊರಡುತ್ತಿತ್ತು, ಕೇಳುವ ಕಿವಿ ಮಂದವಾಗಿತ್ತು. ಇದೇ ಇನ್ಸುಲಿನ್ ಪ್ರತಿರೋಧ.

ಆಗ ಕೊಬ್ಬಿನ ಕೋಶಗಳು ಹಿಡಿತ ತಪ್ಪಿ ಕೊಬ್ಬನ್ನು ರಕ್ತಕ್ಕೆ ಬಿಡುತ್ತವೆ. ಅದು ಯಕೃತ್ತಿಗೆ ಬಂದು ಸೇರುತ್ತದೆ. ಮಿಕ್ಕ ಸಕ್ಕರೆಯೂ ಅಲ್ಲಿಯೇ ಕೊಬ್ಬಾಗುತ್ತದೆ. ಯಕೃತ್ತಿನಲ್ಲಿ ಕೊಬ್ಬು ಶೇಕಡಾ 5ನ್ನು ಮೀರಿದರೆ ಅದು ‘ಫ್ಯಾಟಿ ಲಿವರ್’. ಹೀಗೆ ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಇನ್ನೂ ಕಡಿಮೆ ಕೇಳುತ್ತದೆ. 1980ರಲ್ಲಿ ಜರ್ಗನ್ ಲುಡ್ವಿಗ್ ಮತ್ತು ಸಂಗಡಿಗರು, ಮದ್ಯದ ಚಟವಿಲ್ಲದ 20 ರೋಗಿಗಳ ಯಕೃತ್ತು ಕುಡುಕರ ಯಕೃತ್ತಿನಂತೆಯೇ ಹಾಳಾಗಿದ್ದುದನ್ನು ವರದಿ ಮಾಡಿದರು. ಅವರಲ್ಲಿ ಹೆಚ್ಚಿನವರು ಬೊಜ್ಜುಳ್ಳವರು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಬರಗಾಲಗಳಲ್ಲಿ ಕೂಡಿಡಬಲ್ಲ ದೇಹಗಳೇ ಉಳಿದವು, ಸಮೃದ್ಧಿಯಲ್ಲಿ ಆ ಗುಣವೇ ಮುಳುವಾಯಿತು ಎಂಬ ಊಹೆಯನ್ನು 1962ರಲ್ಲಿ ಜೇಮ್ಸ್ ನೀಲ್ ಮುಂದಿಟ್ಟರು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ತಾಯಿಯ ಗರ್ಭದಲ್ಲಿ ದೊರೆತ ಪೋಷಣೆಯೇ ಮುಖ್ಯ ಎಂಬುದು ಇನ್ನೊಂದು ವಾದ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿದ್ದ ಜನನದ ದಾಖಲೆಗಳು ಇಂಥ ಸಂಶೋಧನೆಗೆ ನೆರವಾದವು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟವಾಯಿತು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು ತಮ್ಮನ್ನೇ ಉದಾಹರಣೆಯಾಗಿ ಕೊಟ್ಟರು. ಎತ್ತರಕ್ಕೆ ತೂಕದ ಪ್ರಮಾಣ ಅವರಿಗೂ ಅವರ ಇಂಗ್ಲಿಷ್ ಮಿತ್ರರಿಗೂ ಒಂದೇ, 22.3. ಆದರೆ ದೇಹದ ಕೊಬ್ಬು ಮಿತ್ರರಲ್ಲಿ ಶೇಕಡಾ 9.1, ಅವರಲ್ಲಿ 21.2! ತೆಳ್ಳಗೆ ಕಂಡವರೂ ನಿಶ್ಚಿಂತರಲ್ಲ ಎಂಬುದು ಇದರ ಪಾಠ.

ಈ ನಡುವೆ ಬದುಕೂ ಬದಲಾಗಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ಮುಳುಗಿಸಿ ನವನಗರವನ್ನು ಕಟ್ಟಿಸಿತು. ಇಳಕಲ್ಲಿನಲ್ಲಿ ಕೈಕಾಲು ದುಡಿಸುವ ಕುಣಿ ಮಗ್ಗದ ಜೊತೆಗೆ ವಿದ್ಯುತ್ ಮಗ್ಗವೂ ಬಂತು. ಜೋಳದ ರೊಟ್ಟಿಯ ಪಕ್ಕದಲ್ಲಿ ಅನ್ನ ಬಂದು ಕುಳಿತಿತು. 2013ರ ಅನ್ನಭಾಗ್ಯ ಬಡವರ ಮನೆಗೂ ಅಕ್ಕಿ ತಲುಪಿಸಿತು. ಹಸಿವು ಹಿಂದೆ ಸರಿದದ್ದು ದೊಡ್ಡ ಸಾಧನೆ. ಅದನ್ನು ಯಾರೂ ಹಳಿಯಬಾರದು. ಆದರೆ ಮೈದುಡಿಮೆ ತಗ್ಗಿ ಸಿಹಿ, ಕರಿದ ತಿಂಡಿ ಹೆಚ್ಚಿದಲ್ಲಿ ಹಗೇವು ತುಂಬುತ್ತಲೇ ಹೋಗುತ್ತದೆ; ತೆಗೆಯುವ ದಿನ ಬರುವುದೇ ಇಲ್ಲ.

ಈ ರೋಗ ಬಹುಕಾಲ ನೋವು ತೋರುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿಸಿತು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ವೈದ್ಯರನ್ನು ಕಾಣುವುದು ಲೇಸು. ಸ್ಥೂಲಕಾಯರು ತೂಕದಲ್ಲಿ ಶೇಕಡಾ 7ರಿಂದ 10ರಷ್ಟು ಇಳಿಸಿದರೂ ಯಕೃತ್ತಿನ ಕೊಬ್ಬು ಗಣನೀಯವಾಗಿ ಕರಗುತ್ತದೆ.

ವಿದ್ಯಾರ್ಥಿಗಳೇ, ದಪ್ಪಗಿರುವ ಗೆಳೆಯನನ್ನು ಗೇಲಿ ಮಾಡುವ ಮುನ್ನ ಈ ಚರಿತ್ರೆಯನ್ನು ನೆನೆಯಿರಿ. ಅವನ ದೇಹ ಮಾಡುತ್ತಿರುವುದು ತಪ್ಪಲ್ಲ; ಹಿಂದೆ ಜೀವ ಉಳಿಸಿದ ಕೆಲಸವನ್ನೇ ಅದು ಇಂದಿಗೂ ಮಾಡುತ್ತಿದೆ. ಗೇಲಿಯ ಬದಲು ಅವನನ್ನು ಆಟಕ್ಕೆ ಕರೆಯಿರಿ.